ಅಕ್ಕನ ಡಿವಿಡೆಂಡು

ಬರುತ್ತೆ ಅಕ್ಕ, ಬಂದೇ ಬರುತ್ತೆ! ಎಲ್ಲಿ ಹೋಗುತ್ತೆ? ಸ್ವಲ್ಪ ತಡ, ಅಷ್ಟೇ... ಇಲ್ಲ ಇಲ್ಲ, ನೀನು ಏಳಬೇಡ, ತಟ್ಟೆ ಹಾಕಬೇಡ. ಊಟ ಆಗಿದೆ ನಂದು. ನಿನ್ನಾಣೆ... ಸರಿ, ಆಣೆ ಬೇಡ ಬಿಡು. ಆಗಿದೆ ಅಂದೆನಲ್ಲ. ನೀನು ನಿನ್ನ ಕೆಲಸ ಮಾಡ್ಕೋ. ಯಾರದಿದು ಮೋಟರು? ಎದುರು ಮನೆಯವರ ಟೇಬಲ್ ಫ್ಯಾನಿಂದಾ? ಸುಟ್ಟು ಕರಕಲಾಗಿದೆಯಲ್ಲ! ವಾರ್ನಿಷ್ ವಾಸನೆ ಬಾಗಿಲ ತನಕ ಬರ್ತಿದೆ. ರಜೆ ದಿನವಾದ್ರೂ ಆ ಕೈಗೆ ಬಿಡುವು ಕೊಡಬಾರದಾ? ವಾರವೆಲ್ಲ ಕಾರ್ಖಾನೆಯಲ್ಲಿ ತಂತಿ ಸುತ್ತೋದು, ಮನೆಗೆ ಬಂದು ಮತ್ತೆ ತಂತಿ ಸುತ್ತೋದು... ಹೂಂ, ಮಾತಾಡಬೇಡ, ಗೊತ್ತು. ಸುತ್ತು ಎಣಿಸ್ತಿದೀಯ. ನಡುವೆ ಬಾಯಿ ಬಿಟ್ರೆ ಲೆಕ್ಕ ತಪ್ಪುತ್ತೆ. ಎಣಿಸು, ಎಣಿಸು. ನಾನು ಹೇಳ್ತಾ ಹೋಗ್ತೀನಿ, ನೀನು ಕೇಳ್ತಾ ಇರು.

ಭಾವ ಇಲ್ವಾ? ಒಳ್ಳೇದಾಯ್ತು... ಅಂದ್ರೆ, ಒಳ್ಳೇದು ಅಂತಲ್ಲ, ಅವರಿದ್ರೆ ನೂರೆಂಟು ಪ್ರಶ್ನೆ ಕೇಳ್ತಾರೆ. ನಿನಗಾದ್ರೆ ನಾನು ಹೇಳಿದ್ದು ಅರ್ಥ ಆಗುತ್ತೆ. ಚಿಕ್ಕವನಿದ್ದಾಗಿಂದ ಹಾಗೇ ತಾನೆ? ನಾನು ಹೇಳಿದ್ರೆ ಆಯ್ತು ನಿನಗೆ.

ನೋಡು, ವಿಷಯ ಇಷ್ಟೇ. ನಿಮ್ಮ ಫ್ಯಾನ್ ಕಾರ್ಖಾನೆಯವರು ಹಳೇ ಗೋಡೌನ್ ಜಾಗ ಮಾರಿದ್ರು. ಬಂದ ದುಡ್ಡನ್ನ ಶೇರು ಇರೋರಿಗೆಲ್ಲ, ಹಿಂದೆ ಶೇರು ಕೊಟ್ಟಿದ್ದ ನಿಮ್ಮಂಥ ಕೆಲಸದವರಿಗೂ, ಹಂಚಿದ್ರು. ವಿಶೇಷ ಡಿವಿಡೆಂಡು! ಯಾವತ್ತೂ ಕೊಡದಷ್ಟು! ಪ್ಯಾಕಿಂಗ್ ಸೆಕ್ಷನ್ನಿನ ನಿನ್ನ ಗೆಳತಿಗೆ ಬಂತು, ಟೆಸ್ಟಿಂಗಿನವಳಿಗೂ ಬಂತು. ನಿಂಗೆ ಮಾತ್ರ ಬಂದಿಲ್ಲ. ಯಾಕೆ? ಯಾಕೆ ಅಂದ್ರೆ ನಿನ್ನ ಶೇರು ನನ್ನ ಖಾತೆಯಲ್ಲಿದಾವೆ. ಜೋಪಾನವಾಗಿರಲಿ ಅಂತ ನಾನೇ ಹಾಕಿಸ್ಕೊಂಡೆನಲ್ಲ? ಹಾಗಾಗಿ ಮೊದಲು ನನಗೆ ಬರಬೇಕು, ಆಮೇಲೆ ನಿನಗೆ. ಪ್ರತಿ ಸಲ ಕವರಲ್ಲಿ ಹಾಕಿ ತಂದು ಕೊಟ್ಟಿಲ್ವಾ? ಒಂದು ಸಲವಾದ್ರೂ ತಪ್ಪಿಸಿದೀನಾ? ಹೇಳು... ತಲೆ ಅಲ್ಲಾಡಿಸಿದ್ರೂ ಸಾಕು.

ಆಯ್ತು, ಎಣಿಸು.

ಈ ಸಲ ತಡ ಆಗಿದ್ದಕ್ಕೆ ಕಾರಣ... ಏನಪ್ಪಾ ಅಂದ್ರೆ... ನಮ್ಮ ಆಫೀಸಲ್ಲಿ ಒಬ್ಬ ಗಿರಾಕಿ ಇದಾನೆ. ಅವನು ಮಾಡಿದ ಎಡವಟ್ಟಿನಿಂದ ಎಲ್ಲ ಗಂಟು ಬಿದ್ದಿದೆ. ಶೇರು ದಲ್ಲಾಳಿ ಆಫೀಸು ಅಂದ್ಮೇಲೆ ಎಂಥೆಂಥವರೋ ಬರ್ತಾರೆ. ಇವನು ನೋಡೋಕೆ ಪಾಪದವನು. ಇಸ್ತ್ರಿ ಹಾಕಿದ ಶರ್ಟು, ಬಾಯಿ ತೆಗೆದ್ರೆ ಸಾರ್ ಸಾರ್. ಅವನು ಶಾರ್ಟ್ ಮಾಡಿದ್ದ. ಗೊತ್ತಾಗಲಿಲ್ಲ ಅಲ್ವಾ? ತಡಿ, ನಿನಗೆ ಅರ್ಥ ಆಗೋ ಹಾಗೆ ಹೇಳ್ತೀನಿ.

ಪಕ್ಕದ ಮನೆಯವರು ಎಲ್ಲೋ ದೂರ ಹೋಗ್ತಾ ಹಸೂನ ನಿನ್ನ ಹತ್ರ ಬಿಟ್ಟು ಹೋದ್ರು ಅಂದ್ಕೋ. ನೀನು ಮಾರಿಬಿಟ್ಟೆ. ಅಯ್ಯೋ, ನೀನಲ್ಲ, ಮಾತಿಗೆ! ಯಾಕೆ ಮಾರಿದೆ? ಹಸುವಿನ ಬೆಲೆ ಇನ್ನೇನು ಬಿದ್ದು ಹೋಗುತ್ತೆ ಅಂತ ನಿನಗೆ ಅನ್ನಿಸಿದೆ. ಈಗ ಜಾಸ್ತಿಗೆ ಮಾರು, ಬಿದ್ದ ಮೇಲೆ ಕಮ್ಮಿಗೆ ಅಂಥದ್ದೇ ಇನ್ನೊಂದು ತಂದು ಕೊಟ್ಟಿಗೆಯಲ್ಲಿ ಕಟ್ಟು. ಅವರು ಬಂದು ನೋಡ್ತಾರೆ, ಹಸು ಇದೆ. ನಡುವಿನ ದುಡ್ಡು ನಿನ್ನ ಜೇಬಿಗೆ! ಶೇರಲ್ಲೂ ಇದೇ. ಬೇರೆಯವರ ಶೇರು ಎರವಲು ತಗೊಂಡು ಮಾರೋದು, ಬೆಲೆ ಬಿದ್ದ ಮೇಲೆ ಕೊಂಡು ಹಿಂದಕ್ಕೆ ಕೊಡೋದು. ಎಲ್ಲರೂ ಮಾಡ್ತಾರೆ. ತಪ್ಪೇನಿಲ್ಲ ಅದರಲ್ಲಿ. ಕೊಟ್ಟವರಿಗೆ ಗೊತ್ತಿದ್ರೆ ತಪ್ಪಿಲ್ಲ... ಅಂದ್ರೆ, ಎಲ್ಲ ನಿಯಮ ಇದೆ ಅದಕ್ಕೆ.

ಆದ್ರೆ ಒಂದು ತರಲೆ ಇದೆ ನೋಡು. ಹಸು ಇದ್ದಿದ್ರೆ ಅವರ ಮನೆಗೆ ದಿನಾ ಹಾಲು ಹೋಗ್ತಿತ್ತು ತಾನೆ? ಮಾರಿದೀಯ ಅಂತ ಹಾಲು ನಿಲ್ಲಿಸೋ ಹಾಗಿಲ್ಲ! ಅಂಗಡಿಯಿಂದ ಕೊಂಡಾದ್ರೂ ಅವರ ಪಾತ್ರೆಗೆ ಹಾಕಬೇಕು. ಡಿವಿಡೆಂಡು ಅಂದ್ರೆ ಆ ಹಾಲು. ಕಂಪನಿ ಕೊಡೋ ಡಿವಿಡೆಂಡ್ ಯಾರ ಹತ್ರ ಶೇರು ಹೋಯ್ತೋ ಅವನಿಗೆ ಹೋಗುತ್ತೆ. ಎರವಲು ಕೊಟ್ಟವನಿಗೆ ಯಾರು ಕೊಡಬೇಕು? ಮಾರಿದವನು! ಅವನ ಕೈಯಿಂದ! ಒಂದು ಕಾಸೂ ಬಿಡದ ಹಾಗೆ!

ಯಾಕೆ ನಗ್ತೀಯ?

ನಗಲಿಲ್ವಾ? ನಕ್ಕ ಹಾಗಾಯ್ತು... ಬೆಳಕು ಕಮ್ಮಿ ಇಲ್ಲಿ. ಆ ಬಲ್ಬ್ ಬದಲಾಯಿಸು ಅಂತ ಎಷ್ಟು ಸಲ ಹೇಳೋದು.

ಎಲ್ಲಿದ್ದೆ... ಹಾಂ, ಆ ಗಿರಾಕಿ. ಸಣ್ಣ ಡಿವಿಡೆಂಡ್ ಬಂದಾಗೆಲ್ಲ ಸಂಬಳದಲ್ಲಿ ತೆಗೆದು ಕೊಟ್ಟ. ಪಾಪ, ಮರ್ಯಾದಸ್ಥ! ಹೊಸ ಚಪ್ಪಲಿ ಕೊಳ್ಳಲಿಲ್ಲ, ಬಸ್ಸಿಗೆ ಹೋಗೋ ಕಡೆ ನಡೆದೇ ಹೋದ, ಆದ್ರೆ ಅದನ್ನ ತಪ್ಪಿಸಲಿಲ್ಲ. ಬೆಲೆಯೂ ಸ್ವಲ್ಪ ಇಳಿದಿತ್ತು. ಆಗಲೇ ಕೊಂಡು ಹಿಂದಕ್ಕೆ ಕೊಟ್ಟಿದ್ರೆ ಎಲ್ಲ ಮುಗೀತಿತ್ತು. ಇಲ್ಲ, ಇನ್ನೂ ಇಳೀಲಿ, ಇನ್ನೂ ಇಳೀಲಿ! ಆಸೆ. ಅಷ್ಟರಲ್ಲಿ ಬಂತು ನೋಡು, ವಿಶೇಷ ಡಿವಿಡೆಂಡಿನ ಸುದ್ದಿ. ಬೆಲೆ ಸರ್ರಂತ ಏರಿತು.

ಆಮೇಲೆ ಏನು ಯೋಚನೆ ಮಾಡಿದ ಗೊತ್ತಾ? ಡಿವಿಡೆಂಡ್ ಲೆಕ್ಕಕ್ಕೆ ಒಂದು ದಿನ ಅಂತ ಇರುತ್ತೆ. ಆ ದಿನ ಬೆಳಿಗ್ಗೆ ಶೇರಿನ ಬೆಲೆ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ. ಕಂಪನಿ ಪೆಟ್ಟಿಗೆಯಿಂದ ಆ ದುಡ್ಡು ಆಚೆ ಹೋಯ್ತಲ್ಲ, ಅದಕ್ಕೆ. ಆ ದಿನಕ್ಕೆ ಕಾದ. ಇಳೀತು! ಧೊಪ್ಪಂತ ಇಳೀತು! ತಾನು ಮಾರಿದ ಬೆಲೆಗೇ ಬಂದು ನಿಂತಿತು. ಖುಷಿಯಿಂದ ಟೀ ಕುಡಿಯೋಕೆ ಹೋದ. ಅರ್ಧ ಲೋಟ ಕುಡಿದ ಮೇಲೆ ನೆನಪಾಯ್ತು... ಇಳಿದಷ್ಟೂ ದುಡ್ಡು ನಾನೇ ಕೊಡಬೇಕಲ್ಲ ಅಂತ. ಈ ಕೈಯಲ್ಲಿ ಬಂದದ್ದು ಆ ಕೈಯಲ್ಲಿ ಹೋಯ್ತು. ಬಂದಿದ್ದು ಬರೀ ಪರದೆ ಮೇಲೆ, ಹೋಗಬೇಕಾಗಿದ್ದು ಜೇಬಿನಿಂದ. ಆ ಟೀ ಗಂಟಲಲ್ಲಿ ಇಳೀಲಿಲ್ಲ ನನ್ನ... ಅವನ ಗಂಟಲಲ್ಲಿ.

ಅವನೇ ಹೇಳಿದ್ದು ನನಗೆ.

ಅಷ್ಟೂ ಗೊತ್ತಿರಲಿಲ್ವಾ ಅವನಿಗೆ ಅಂತೀಯಾ? ಗೊತ್ತಿತ್ತು! ಚೆನ್ನಾಗಿ ಗೊತ್ತಿತ್ತು! ಬೇರೆಯವರಿಗೆ ದಿನಾ ಅದನ್ನೇ ಹೇಳೋನು ಅವನು. "ಶಾರ್ಟ್ ಮಾಡಿದ್ರೆ ಡಿವಿಡೆಂಡ್ ನಿಮ್ಮ ತಲೆ ಮೇಲೆ ಸಾರ್, ಹುಷಾರು" ಅಂತ. ಆದ್ರೆ ಏನಾಗುತ್ತೆ ಗೊತ್ತಾ, ಹೊರಗಿನವರ ಶೇರಾಗಿದ್ರೆ ಆಫೀಸಿನವರು ಖಾತೆಯಿಂದ ತಾವೇ ಕಿತ್ಕೊಳ್ತಾರೆ, ಮರೆಯೋಕೆ ಬಿಡಲ್ಲ. ಇದು ಮನೆಯವರದ್ದು. ಕೇಳೋರು ಯಾರು? ಕಾಯ್ತಾಳೆ ಬಿಡು ಅಂತ...

ಕಾಯ್ತಾರೆ. ಕಾಯ್ತಾರೆ ಅಂದೆ.

ಯಾಕೆ ನಿಲ್ಲಿಸಿದೆ? ತಂತಿ ತುಂಡಾಯ್ತಾ? ಕೊಡಿಲ್ಲಿ, ನಾನು ಹಿಡ್ಕೋತೀನಿ ಆ ತುದಿ... ಬೇಡ್ವಾ. ಸರಿ. ನನ್ನ ಕೈಗೆ ಬೆವರು, ತಾಮ್ರ ಕಪ್ಪಾಗುತ್ತೆ ಅಂತ ಚಿಕ್ಕವನಿದ್ದಾಗಲೂ ಬೈತಿದ್ದೆ.

ಒಳ್ಳೇ ಗಿರಾಕಿ ಕಥೆ ಹೇಳ್ತಾ ಕೂತೆ! ಬಿಡು ಅವನನ್ನ. ನಗೋ ಅಂಥ ವಿಷಯ ಒಂದಿದೆ, ಕೇಳು. ಬರ್ತಾ ನಿಮ್ಮ ಹೊಸ ಅಂಗಡಿ ಮುಂದೆ ಬಂದೆ. ಅಬ್ಬಾ, ಜೋರಾಗಿದೆಯಲ್ಲ! ಶಟರಿಗೆ ಹಸಿರು ಬಣ್ಣ ಹೊಡೆಸಿದಾರೆ, ಪೇಂಟರು ಏಣಿ ಹತ್ತಿ ಬೋರ್ಡ್ ಬರೀತಿದ್ದ. "ಎಲ್ಲ ಬಗೆಯ ಮೋಟರ್ ರಿಪೇರಿ." ನಿನ್ನ ಗೆಳತಿಯರು ಇಬ್ಬರೂ ಕೆಳಗೆ ನಿಂತು ಎಡಕ್ಕೆ, ಬಲಕ್ಕೆ ಅಂತ ಅವನ ಪ್ರಾಣ ತೆಗೀತಿದ್ರು. ಮೂರು ಜನ ಹೆಂಗಸರು ಡಿವಿಡೆಂಡ್ ದುಡ್ಡು ಸೇರಿಸಿ ಅಂಗಡಿ ಇಡ್ತೀರಿ ಅಂದ್ರೆ... ನನಗೆ ಹೆಮ್ಮೆ ಆಯ್ತು ಅಕ್ಕ. ನಿಜವಾಗ್ಲೂ. ಆಮೇಲೆ ಹೆಮ್ಮೆ ಅಲ್ಲ, ಏನೋ ಒಂಥರ ಆಯ್ತು. ಬೇಗ ದಾಟಿ ಹೋಗೋಣ ಅಂದ್ಕೊಂಡೆ, ಪ್ಯಾಕಿಂಗಿನವಳು ಬಿಡಬೇಕಲ್ಲ!

"ಏನಪ್ಪಾ ತಮ್ಮ," ಅಂತಾಳೆ, "ನಮಗೆಲ್ಲ ಡಿವಿಡೆಂಡಲ್ಲಿ ತೆರಿಗೆ ಹಿಡ್ಕೊಂಡು ಕೊಡ್ತಾರೆ, ನಿಮ್ಮಕ್ಕನಿಗೆ ಮಾತ್ರ ಪ್ರತಿ ಸಲ ಪೂರ್ತಿ ಬರುತ್ತಲ್ಲ! ಅದೇನು ಮಂತ್ರ ಹಾಕ್ತೀಯ? ನಮಗೂ ಸ್ವಲ್ಪ ಹಾಕು!" ಹಹ್ಹ! ನಾನು ಪೆದ್ದುಪೆದ್ದಾಗಿ ಹಲ್ಲು ಕಿರಿದೆ. ನಿಜ ಅಕ್ಕ, ತೆರಿಗೆ ವಿಷಯ ತಲೆಗೇ ಹೊಳೆದಿಲ್ಲ ನನಗೆ! ಶೇರಿಗೆ ಇಷ್ಟು, ಇಷ್ಟು ಶೇರು ಅಂತ ಗುಣಿಸಿ ಹಾಗೇ ತುಂಬಿ ಕೊಟ್ಟುಬಿಡ್ತಿದ್ದೆ ಕವರಿಗೆ... ಅಂದ್ರೆ, ಬಂದದ್ದನ್ನ... ಬಂದಷ್ಟನ್ನ...

ನೀನು ಎಲ್ಲರ ಮುಂದೆ ಹೇಳ್ಕೊಂಡಿದ್ಯಂತೆ, "ನನ್ನ ತಮ್ಮ ಶೇರು ಆಫೀಸಲ್ಲಿದಾನೆ, ಜಾಣ, ನನಗೆ ಒಂದು ಕಾಸೂ ಹೋಗದ ಹಾಗೆ ನೋಡ್ಕೋತಾನೆ" ಅಂತ. ಅವಳೇ ಹೇಳಿದ್ಲು. ಹೊಟ್ಟೆಕಿಚ್ಚು ತಡೆಯೋಕಾಗಲಿಲ್ವಂತೆ ಅವರಿಗೆ! ಕೊನೆಗೆ ನಿನ್ನನ್ನೇ ಹಿಡಿದು ಕಳಿಸಿದ್ರಂತೆ, "ಹೋಗಿ ಶೇರು ವಿಭಾಗದವರನ್ನ ಕೇಳ್ಕೊಂಡು ಬಾ, ನಿನಗೆ ಹೇಗೆ ಪೂರ್ತಿ ಬರುತ್ತೆ ಅಂತ, ನಾವೂ ಹಾಗೇ ಮಾಡಿಸ್ಕೋತೀವಿ" ಅಂತ. ನೀನು ಹೋದ್ಯಂತೆ, ಬಂದ್ಯಂತೆ, ಏನೂ ಹೇಳಲೇ ಇಲ್ವಂತೆ. ನನಗೆ ನಗು ಬಂತು ಕೇಳಿ...

ನೀನು ಹೋಗಿದ್ಯಾ?

ಕಂಪನಿ ಆಫೀಸಿಗೆ... ಶೇರಿನ ಪಟ್ಟಿ ಇಟ್ಟಿರೋ ಅವನ ಹತ್ರ... ಹೋಗಿದ್ಯಾ ಅಕ್ಕ?

ನನಗೆ ಆಗಲೇ ಹೊಳೀಬೇಕಿತ್ತು. ಅವಳು ನಗ್ತಾ ಹೇಳಿದ್ಲು, ನಾನೂ ನಗ್ತಾ ಕೇಳಿದೆ. ಇಲ್ಲಿ ತನಕ ನಡ್ಕೊಂಡು ಬಂದೆ, ಹೊಳೀಲಿಲ್ಲ. ನಿನಗೆ ಹೇಳೋವಾಗ ಹೊಳೀತಿದೆ.

ಅಲ್ಲಿ ನಿನ್ನ ಹೆಸರಷ್ಟೇ ಅಲ್ಲ, ನನ್ನ ಹೆಸರೂ ಇರಲಿಲ್ಲ ತಾನೆ?

ಮಾತಾಡು ಅಕ್ಕ. ಇಷ್ಟೊತ್ತು ಸುತ್ತು ಎಣಿಸ್ತಿದೀಯ ಅಂದ್ಕೊಂಡಿದ್ದೆ... ನಿನ್ನ ಕೈ ನಿಂತು ಎಷ್ಟೊತ್ತಾಯ್ತು.

ಯಾವಾಗ ಬರುತ್ತೆ ದುಡ್ಡು ಅಂತ ನೀನು ಕೇಳಲೇ ಇಲ್ಲ. ಬಾಗಿಲು ದಾಟಿ ಬಂದಾಗಿಂದ ನಾನೇ ಬರುತ್ತೆ, ಬರುತ್ತೆ ಅಂತ ಬಡ್ಕೋತಿದೀನಿ. ಬರಬೇಕು ಅಂತ ಕಾಯೋರು ಕೇಳದೇ ಇರ್ತಾರಾ? ಬರಲ್ಲ ಅಂತ ಗೊತ್ತಿದ್ದೋರು ಕೇಳಲ್ಲ.

ಅವಳು ಇನ್ನೊಂದು ಮಾತು ಹೇಳಿದ್ಲು. ಅದನ್ನ ನಿನಗೆ ಹೇಳೋದು ಬೇಡ ಅಂದ್ಕೊಂಡಿದ್ದೆ. "ನಿಮ್ಮಕ್ಕ ಅಂಗಡಿಗೆ ಬರಲ್ಲ ಅಂದುಬಿಟ್ಲು, ಸೊಂಟ ನೋವಂತೆ, ಕೂತು ಕೆಲಸ ಮಾಡೋಕಾಗಲ್ವಂತೆ. ವೈಂಡಿಂಗಿಗೆ ಬೇರೆ ಯಾರನ್ನೋ ನೋಡ್ತಿದೀವಿ" ಅಂತ. ಮೂರು ಹೆಸರು ಬರೀಬೇಕಾಗಿದ್ದ ಬೋರ್ಡಲ್ಲಿ ಎರಡೇ ಬರೀತಿದಾನೆ ಪೇಂಟರು. ಕೇಳಿದಾಗ ನನಗೆ ಏನನ್ನಿಸಿತು ಗೊತ್ತಾ? ನಾಚಿಕೆ ಬಿಟ್ಟು ಹೇಳ್ತೀನಿ. ಸದ್ಯ, ಉಳ್ಕೊಂಡೆ ಅನ್ನಿಸಿತು! ಅಂಗಡಿ ಇಲ್ಲ ಅಂದ್ರೆ ದುಡ್ಡಿಗೆ ಅವಸರ ಇಲ್ಲ ಅಂತ! ನಿನ್ನ ಸೊಂಟ ನೋವು ಕೇಳಿ ಹಗುರ ಆಯ್ತು ನನಗೆ!

ಸೊಂಟ ನೋವು ಇಲ್ಲ ನಿನಗೆ. ಬೆಳಗಿಂದ ಈ ಸ್ಟೂಲ್ ಮೇಲೆ ಕೂತಿರಬೇಕು ನೀನು, ಮೂರು ಮೋಟರು ಮುಗಿಸಿ ಪಕ್ಕಕ್ಕಿಟ್ಟಿದೀಯ. ಸೊಂಟ ನೋವಂತೆ!

ದುಡ್ಡು ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳ್ತಿದ್ರು. ಕೇಳಿದ್ರೆ ನನ್ನ ಹೆಸರು ಬರ್ತಿತ್ತು. ಅದಕ್ಕೆ ನಿನ್ನ ಸೊಂಟಕ್ಕೆ ನೋವು ಬಂತು. ಅಲ್ವಾ? "ಜಾಣ ತಮ್ಮ" ಅಂತ ಹೇಳ್ಕೊಂಡು ತಿರುಗಿದ್ದೆಯಲ್ಲ... ಅಯ್ಯೋ, ಈ ನೆಲ ಬಾಯಿ ಬಿಟ್ಟು ನನ್ನನ್ನ ನುಂಗಬಾರದಾ!

ಹೌದು. ಮಾರಿದೆ. ಯಾವ ಗಿರಾಕಿನೂ ಇಲ್ಲ. ಇಸ್ತ್ರಿ ಶರ್ಟಿನವನು ನಾನೇ. ಶೇರು ನನ್ನ ಖಾತೆಗೆ ಹಾಕಿಸೋವಾಗ ನೀನು ಆ ಚೀಟಿಗೆ ಸಹಿ ಹಾಕಿದ್ದು, "ಎಲ್ಲಿ ಹಾಕಬೇಕೋ ನೀನೇ ತೋರಿಸು" ಅಂತ ಪೆನ್ನು ಹಿಡ್ಕೊಂಡು ಕೇಳಿದ್ದು... ನಾನು ಬೆರಳಿಟ್ಟು ತೋರಿಸಿದ್ದು. ಆ ವಾರವೇ ಮಾರಿದೆ.

ಯಾಕೆ ಅಂತ ಕೇಳು. ಕೇಳಲ್ವಾ? ಅದಕ್ಕೂ ಕಾರಣ ನೀನೇ ಕೊಟ್ಟೆ. ಇದೇ ಮನೆಯಲ್ಲಿ, ನನಗೆ ಬಡಿಸ್ತಾ ಹೇಳಿದ್ದೆ. ಆರ್ಡರು ಬರ್ತಿಲ್ಲ ಕಣೋ, ಮಧ್ಯಾಹ್ನದ ಮೇಲೆ ಮೆಷಿನ್ನು ಸುಮ್ನೆ ನಿಲ್ಲುತ್ತೆ, ರೆಕ್ಕೆ ಸೆಕ್ಷನ್ನಿನವರನ್ನ ಮನೆಗೆ ಕಳಿಸಿದ್ರು, ನಮ್ಮ ಗತಿ ಏನೋ ಅಂತ. ನಿನಗೆ ಹೆದರಿಕೆ. ನನ್ನ ತಲೆಯಲ್ಲಿ ಏನು ಓಡ್ತಿತ್ತು? ಬೆಲೆ ಬೀಳುತ್ತೆ. ಹೊರಗಿನವರಿಗೆ ಇನ್ನೂ ಗೊತ್ತಿಲ್ಲ, ನನಗೆ ಗೊತ್ತು. ನೀನು ಹೆದರ್ಕೊಂಡು ಹೇಳಿದ ಮಾತನ್ನ ಮಾರ್ಕೊಂಡೆ ಅಕ್ಕ. ನಿನ್ನ ಶೇರನ್ನೇ ಎರವಲು ತಗೊಂಡು, ನಿನ್ನ ಕೆಲಸ ಹೋಗುತ್ತೆ ಅಂತ ಪಣ ಕಟ್ಟಿದೆ.

ಆಮೇಲೆ ಬಂದಾಗೆಲ್ಲ ಕೇಳ್ತಿದ್ದೆನಲ್ಲ, "ಕಾರ್ಖಾನೆ ಹೇಗಿದೆ ಅಕ್ಕ" ಅಂತ? ಎಷ್ಟು ಕಾಳಜಿ ನನ್ನ ತಮ್ಮನಿಗೆ ಅಂದ್ಕೊಂಡಿರ್ತೀಯ. ಹೊಸ ಆರ್ಡರು ಬಂತು ಅಂತ ನೀನು ಖುಷಿಪಟ್ಟು ಹೇಳಿದ ದಿನ ನನಗೆ ಅನ್ನ ಸೇರಲಿಲ್ಲ. ದಿನಾ ಬೆಳಿಗ್ಗೆ ಆಫೀಸಿಗೆ ಹೋಗಿ ಮೊದಲು ನೋಡ್ತಿದ್ದದ್ದೇ ಅದು. ಬಿದ್ದಿದೆಯಾ? ಇವತ್ತಾದ್ರೂ ಬಿದ್ದಿದೆಯಾ? ನೀನು ಅದೇ ಹೊತ್ತಿಗೆ ಒಳಗೆ ಕೂತು ಸುತ್ತು ಎಣಿಸ್ತಿರ್ತಿದ್ದೆ. ಆ ಸಂಬಳದಲ್ಲಿ ನನ್ನ ಓದಿಗೆ ಫೀಸು ಕಟ್ಟಿದ್ದೆ ನೀನು. ನಾನು ಓದಿ ಕಲಿತದ್ದು ಇದು.

ಬೈಯಕ್ಕ. ಎದ್ದು ಬಂದು ಎರಡು ಬಾರಿಸು. ಹಾಗೆ ನೋಡಬೇಡ.

ದುಡ್ಡು? ಮಾರಿದ ದುಡ್ಡು ಹಾಗೇ ಇದೆ. ಮುಟ್ಟಿಲ್ಲ. ಅದೊಂದು ಮಾತ್ರ ನಿಜ, ನಂಬು. ಈಗಿನ ಬೆಲೆಗೆ ನಿನ್ನ ಶೇರು ಪೂರ್ತಿ ವಾಪಸ್ ಬರುತ್ತೆ ಅದರಲ್ಲಿ. ಡಿವಿಡೆಂಡಿಗೆ ಮಾತ್ರ ಇಲ್ಲ. ಅದನ್ನ ಮುರಿದು ಡಿವಿಡೆಂಡ್ ಕೊಟ್ರೆ ಶೇರಿಲ್ಲ, ಶೇರು ತಂದ್ರೆ ಡಿವಿಡೆಂಡಿಲ್ಲ... ಅದಕ್ಕೇ ಇವತ್ತು ಬಂದಿದ್ದು, ತಡ ಆಗುತ್ತೆ ಅಂತ ಹೇಳಿ ನಿನ್ನ ಬಾಯಿ ಮುಚ್ಚಿಸೋಕೆ. ನೀನು ಬಾಯಿನೇ ತೆಗೆದಿಲ್ಲ.

ಏನು? ಏನು ಹಾಗೆ ನೋಡ್ತೀಯ? ಶೇರನ್ನಾದ್ರೂ ಯಾಕೆ ವಾಪಸ್ ತಂದಿಲ್ಲ ಅಂತಾನಾ?

ತರಬಹುದಿತ್ತು. ಬೆಲೆ ಇಳಿದ ದಿನವೇ ತರಬಹುದಿತ್ತು. ಮೊನ್ನೆ ತರಬಹುದಿತ್ತು. ಬೆರಳಲ್ಲಿ ಒಂದು ಸಲ ಒತ್ತೋ ಕೆಲಸ.

ಒತ್ತಲಿಲ್ಲ... ಡಿವಿಡೆಂಡ್ ನನ್ನ ತಲೆ ಮೇಲೆ ಬಿದ್ದಿದೆ, ಆ ದುಡ್ಡು ಹುಟ್ಟಬೇಕು ಅಂದ್ರೆ ಬೆಲೆ ಇನ್ನೂ ಬೀಳಬೇಕು. ಅಕ್ಕ ಹೇಗೂ ಕಾರ್ಖಾನೆ ಬಿಟ್ಟು ಅಂಗಡಿಗೆ ಹೋಗ್ತಾಳೆ, ಇನ್ನು ಆ ಕಾರ್ಖಾನೆ ಮುಚ್ಚಿದ್ರೆ ಯಾರಿಗೆ ನಷ್ಟ ಅಂದ್ಕೊಂಡೆ. ಹಾಗೆ ಸಮಾಧಾನ ಮಾಡ್ಕೊಂಡಿದ್ದೆ.

ಈಗ ನೀನು ಅಂಗಡಿಗೆ ಹೋಗಲ್ಲ. ನಾಳೆ ಬೆಳಿಗ್ಗೆ ಅದೇ ಗೇಟಲ್ಲಿ ಒಳಗೆ ಹೋಗ್ತೀಯ, ಅದೇ ಮೆಷಿನ್ನಿನ ಮುಂದೆ ಕೂರ್ತೀಯ. ನಾನು ನನ್ನ ಸೀಟಲ್ಲಿ ಕೂತು ಅದು ಬೀಳಲಿ ಅಂತ...

ಇಲ್ಲ! ಇಲ್ಲ ಅಕ್ಕ, ನಾಳೆ ಮೊದಲ ಕೆಲಸ ಅದೇ. ಬಾಗಿಲು ತೆಗೀತಿದ್ದ ಹಾಗೇ ಕೊಂಡುಬಿಡ್ತೀನಿ. ಬೆಲೆ ಎಷ್ಟಾದ್ರೂ ಇರಲಿ, ನೋಡೋದೇ ಇಲ್ಲ. ನಿನ್ನ ಹೆಸರಿಗೆ ಮಾಡಿಸಿ, ಸಂಜೆ ಬಂದು ತೋರಿಸ್ತೀನಿ...

ನಂಬಲ್ವಾ?

ಹೇಳು ಅಕ್ಕ. ನಂಬ್ತೀನಿ ಅಂತ ಒಂದು ಸಲ ಹೇಳು. ಸುಳ್ಳಿಗಾದ್ರೂ ಹೇಳು.

ನನಗೂ ನಂಬಿಕೆ ಬರ್ತಿಲ್ಲ.